ಗೆಂಡೆಯ ತಾಳ್ಮೆ

ತಾಮ್ರದ ಕಾರ್ಖಾನೆಯೊಂದರ ಹೊಲಸು ನೀರು ಬಂದು ಸೇರುತ್ತಿದ್ದ ಕೆರೆಯಲ್ಲಿ ಒಂದು ಹೆಣ್ಣು ಗೆಂಡೆ ಮೀನಿತ್ತು. ಜೊತೆಯವರೆಲ್ಲ ಸತ್ತರೂ ತಾನು ಬದುಕಿದ್ದೇನೆಂಬ ಹೆಮ್ಮೆ ಅದಕ್ಕೆ.

ಮೊಟ್ಟೆಯಿಡುವ ಕಾಲ ಬಂದಾಗ ನೆರೆಯ ಏಡಿ ಹೇಳಿತು: “ಗೆಂಡೆಯಕ್ಕ, ಹಳ್ಳ ಹತ್ತಿ ಮೇಲಕ್ಕೆ ಹೋಗು. ಅಲ್ಲಿ ನೀರು ಚೆನ್ನಾಗಿದೆ.”

“ತಾಳಿದವನು ಬಾಳಿಯಾನು! ನೀರಿನ ವಿಷವನ್ನು ನನ್ನ ಕಿವಿರಿನ ಲೋಳೆ ತಡೆಯುತ್ತದೆ. ತಪ್ಪಿಸಿಕೊಂಡು ಒಳಗೆ ಬಂದದ್ದನ್ನು ಯಕೃತ್ತು ಹಿಡಿದು ಕಟ್ಟಿಹಾಕುತ್ತದೆ. ನನಗೇನು ಭಯ?”

“ನಿನಗೆ ಅವೆಲ್ಲ ಇವೆ, ಮೊಟ್ಟೆಗೆ ಏನಿದೆ? ಹೋದ ವರ್ಷ ನೀನಿಟ್ಟ ಮೊಟ್ಟೆಗಳು ಬೆಳ್ಳಗಾಗಿ ಕೊಳೆತದ್ದನ್ನು ನಾನೇ ಕಂಡೆನಲ್ಲ.”

ಗೆಂಡೆ ಅಂದೇ ಹಳ್ಳ ಹತ್ತತೊಡಗಿತು. ವಿಷ ತಡೆದ ಲೋಳೆ ಉಸಿರನ್ನೂ ತಡೆಯುತ್ತಿದೆಯೆಂದು ಅದಕ್ಕೆ ಗೊತ್ತಾದದ್ದು ಆಗಲೇ. ಕಲ್ಲಿನ ಮರೆಯಲ್ಲಿ ನಿಂತು ನಿಂತು, ಏದುಸಿರು ಬಿಡುತ್ತಾ ಹೇಗೋ ಮೇಲಿನ ಮಡುವನ್ನು ಸೇರಿ ಮೊಟ್ಟೆಯಿಟ್ಟಿತು. ಮರಿಗಳು ಹೊರಬಂದು ಮಡುವಿನ ತುಂಬ ಓಡಾಡಿದವು.

ಗೆಂಡೆಯ ಕಥೆ ಕೇಳಿದ ಅಲ್ಲಿನ ಕಪ್ಪೆ ತಲೆದೂಗಿತು. “ಅಂಥ ನೀರಲ್ಲಿ ಬಾಳಿದವಳು ನೀನು! ಆ ತಾಳ್ಮೆಯನ್ನು ಮಕ್ಕಳಿಗೂ ಕಲಿಸು.”

“ಬೇಡಪ್ಪ. ನೀರು ಕೆಟ್ಟರೆ ಹೊರಡುವುದನ್ನು ಕಲಿಸುತ್ತೇನೆ,” ಎಂದಿತು ಗೆಂಡೆ.