ಎದುರಂಗಡಿಯ ಕಂಪ್ಯೂಟರ್

“ಮೇಷ್ಟ್ರೇ, ಕಾಪಿ ಇಲ್ಲೇ ತೆರೀತಲ್ಲ. ಮತ್ತೆ ಅದನ್ನ ಎದುರಂಗಡಿಗೆ ಹೊತ್ಕೊಂಡು ಹೋಗಿ ನೋಡೋದ್ಯಾಕೆ?”

ಕೇಳಿದವಳು ಇಂದುಮತಿ. ಕಂಪ್ಯೂಟರ್ ರಿಪೇರಿ ಕಲಿಯಲೆಂದು ತಿಪ್ಪೇರುದ್ರಪ್ಪ ಮೇಷ್ಟ್ರ ಅಂಗಡಿ ಸೇರಿ ಅವಳಿಗೆ ಇದು ಎರಡನೆಯ ವರ್ಷ. ಆ ದಿನ ಆಯುಧಪೂಜೆ. ಊರಿನವರು ಪೂಜೆಗೆ ಮುಂಚೆ ತಮ್ಮ ಕಂಪ್ಯೂಟರುಗಳ ಧೂಳು ತೆಗೆಸಲು ಬರುತ್ತಾರೆ. ಮೇಷ್ಟ್ರು ಧೂಳು ತೆಗೆಯುವುದರ ಜೊತೆಗೆ ಅದರೊಳಗಿನ ಫೈಲುಗಳನ್ನೆಲ್ಲ ಬೇರೊಂದು ಡಿಸ್ಕಿಗೆ ಕಾಪಿ ಮಾಡಿಸಿ ಕೊಡುತ್ತಾರೆ. ಆ ಡಿಸ್ಕನ್ನು ರಸ್ತೆ ದಾಟಿ ಜೆರಾಕ್ಸ್ ಅಂಗಡಿಗೆ ಒಯ್ದು, ಅಲ್ಲಿನ ಕಂಪ್ಯೂಟರಿನಲ್ಲಿ ತೆರೆದು ಓದಿದ ಮೇಲೆಯೇ ಗಿರಾಕಿಯ ಕೈಗೆ ಕೊಡಬೇಕು. ಇದು ಅವರ ಕಟ್ಟಪ್ಪಣೆ. ಈ ಅಂಗಡಿಯಲ್ಲಿ ಪೂಜೆ ಇಲ್ಲ. ಹೂವಿಲ್ಲ, ಕುಂಬಳಕಾಯಿ ಇಲ್ಲ.

ಬಾಗಿಲಲ್ಲಿ ಐದು ಜನ ಕಾಯುತ್ತಿದ್ದರು. ಎಲ್ಲರಿಗೂ ಮನೆಗೆ ಹೋಗುವ ಆತುರ. ಮೇಷ್ಟ್ರು ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟರು. ಅವರಿಗೆಲ್ಲ, “ಸ್ವಲ್ಪ ಕೂತ್ಕೊಳ್ಳಿ, ತಡ ಆಗುತ್ತೆ” ಎಂದರು. ಇಂದುಮತಿಗೂ ಒಂದು ಸ್ಟೂಲು ತೋರಿಸಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಕೈಗುಣ ಚೆನ್ನಾಗಿತ್ತು. ಜನ ಅವನನ್ನು ನಂಬಿದ್ದರು. ಬಂದ ಪ್ರತಿಯೊಬ್ಬರಿಗೂ ಅವನು ಒಂದು ಕಾರ್ಡು ಬರೆದಿಡುತ್ತಿದ್ದ. ಯಾರಿಗಾದರೂ ಯಾವುದಾದರೂ ಔಷಧ ಒಗ್ಗುವುದಿಲ್ಲವೆಂದು ಗೊತ್ತಾದರೆ ಅದನ್ನು ಕಾರ್ಡಿನ ಮೇಲುತುದಿಯಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದ. ಕಾರ್ಡು ತೆಗೆಯುವ ಮೊದಲೇ ಅವನಿಗೆ ಅರ್ಧಕ್ಕರ್ಧ ನೆನಪಿರುತ್ತಿತ್ತು. ಬಾಗಿಲಲ್ಲಿ ಮುಖ ಕಂಡರೆ ಸಾಕು, “ನಿನಗೆ ಆ ಗುಳಿಗೆ ಆಗಲ್ಲ ಅಲ್ವಾ?” ಎನ್ನುತ್ತಿದ್ದ.

ಕಾರ್ಡುಗಳು ಮೂರು ಬೀರು ತುಂಬಿದವು. ಒಂದು ಬೀರುವಿಗೆ ಗೆದ್ದಲು ಹಿಡಿಯಿತು. ವೈದ್ಯ ಕಂಪ್ಯೂಟರ್ ತಂದ. ಅವನ ಕಾಂಪೌಂಡರ್ ಮೂರು ತಿಂಗಳು ಕೂತು ಕಾರ್ಡುಗಳನ್ನೆಲ್ಲ ಅದರೊಳಗೆ ಏರಿಸಿದ. ಕಾಂಪೌಂಡರ್ ಸೋಮಾರಿಯಲ್ಲ, ದಡ್ಡನೂ ಅಲ್ಲ. ಒಂದೊಂದು ಹೆಸರನ್ನೂ ಎರಡು ಸಲ ಓದಿ ಸರಿನೋಡಿದ. ಕೆಲಸ ಮುಗಿದ ಮೇಲೆ ಕಾರ್ಡುಗಳನ್ನು ಹಳೇ ಪೇಪರಿನವನಿಗೆ ಹಾಕಿದರು. ಊರಿನವರ ಕಾಯಿಲೆಗಳೆಲ್ಲ ಕಡಲೆಕಾಯಿ ಪೊಟ್ಟಣವಾಗಿ ಊರಿಗೇ ಮರಳಿ ಬಂದವು. ಜನ ತಿಂದು ಎಸೆದರು.

ಅದೇ ವಾರ ಒಬ್ಬ ತಾಯಿ ಆರು ವರ್ಷದ ಮಗಳನ್ನು ಕರೆದುಕೊಂಡು ಬಂದಳು. ಮಗುವಿಗೆ ಬೇರೆ ಊರಿನಲ್ಲಿ ನೋವಿಗೆಂದು ಒಂದು ಇಂಜೆಕ್ಷನ್ ಕೊಟ್ಟಿದ್ದರು. ಕೊಟ್ಟ ಗಳಿಗೆಯಲ್ಲೇ ಮುಖ ಊದಿಕೊಂಡು ಉಸಿರು ಕಟ್ಟಿತ್ತು. ಹೇಗೋ ಬದುಕಿಕೊಂಡಿತ್ತು. ಆ ಇಂಜೆಕ್ಷನ್ನಿನ ಹೆಸರನ್ನು ಅಲ್ಲಿನವರು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ತಾಯಿ ಅದನ್ನು ಮಡಚಿ ಕುಂಕುಮದ ಭರಣಿಯಲ್ಲಿಟ್ಟುಕೊಂಡು ಓಡಾಡುತ್ತಿದ್ದಳು.

ವೈದ್ಯ ತಾನೇ ಕಂಪ್ಯೂಟರಿನ ಮುಂದೆ ಕೂತು ಅದನ್ನು ಬರೆದ. ಅಕ್ಷರಗಳಿಗೆ ಕೆಂಪು ಬಣ್ಣ ಕೊಟ್ಟ. ಅವಳನ್ನು ಕರೆದು ತೋರಿಸಿದ.

“ಇನ್ನು ಆ ಚೀಟಿ ಯಾಕಮ್ಮ? ನಿನ್ನ ಭರಣಿ ಕಳೆದುಹೋದ್ರೆ ಚೀಟಿನೂ ಹೋಯ್ತು. ಇದು ಹೋಗಲ್ಲ.”

“ಹಂಗಾರೆ ನಾನು ನೆಪ್ಪಿಟ್ಕಳದು ಬ್ಯಾಡ್ವಾ ಸ್ವಾಮಿ?”

“ಬೇಡಮ್ಮ. ನೀನು ನೆಮ್ಮದಿಯಾಗಿರು.”

ಅವಳು ಚೀಟಿಯನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಿದಳು. ವೈದ್ಯನಿಗೆ ಕೈ ಮುಗಿದು ಹೋದಳು.

ಆ ವರ್ಷದ ಆಯುಧಪೂಜೆಗೆ ಒಬ್ಬ ಮೆಕ್ಯಾನಿಕ್ ಕಂಪ್ಯೂಟರಿನ ಧೂಳು ತೆಗೆಯಲು ಬಂದ. ಕೆಲಸಕ್ಕೆ ಹೊಸಬ. ಇನ್ನೂ ಹತ್ತು ಕಡೆ ಹೋಗಬೇಕಾಗಿತ್ತು. ಯಂತ್ರ ಯಾವತ್ತಾದರೂ ಕೈಕೊಡುತ್ತದೆ, ವರ್ಷಕ್ಕೊಂದು ಸಲವಾದರೂ ಕಾಪಿ ಮಾಡಿಟ್ಟುಕೊಳ್ಳಿ ಎಂದ. ಒಳ್ಳೆಯ ಮಾತೇ. ಹೇಗೆಂದು ತೋರಿಸಿಯೂ ಕೊಟ್ಟ. ಪರದೆಯ ಮೇಲೆ ‘ರೋಗಿಗಳು’ ಎಂಬ ಹೆಸರಿನ ಒಂದು ಪುಟ್ಟ ಚಿತ್ರವಿತ್ತು. ಅದನ್ನು ಎಳೆದು ಡಿಸ್ಕಿನೊಳಗೆ ಹಾಕಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಕಾಪಿ ಆಯಿತು.

“ಇಷ್ಟು ಬೇಗ ಆಗೋಯ್ತಾ? ನಾನು ಮೂರು ತಿಂಗಳು ಕೂತು ಹೊಡೆದಿದ್ದು!” ಎಂದ ಕಾಂಪೌಂಡರ್.

ಮೆಕ್ಯಾನಿಕ್ ಡಿಸ್ಕಿನಲ್ಲಿದ್ದ ಚಿತ್ರವನ್ನು ಒತ್ತಿದ. ಎಲ್ಲ ಹೆಸರುಗಳೂ ತೆರೆದುಕೊಂಡವು. “ನೋಡಿ, ತೆರೀತಲ್ಲ. ಇನ್ನೇನು ಬೇಕು?” ಎಂದು ಚೀಲ ಹೆಗಲಿಗೇರಿಸಿ ಹೋದ.

ಅಂದಿನಿಂದ ಕಾಂಪೌಂಡರ್ ಪ್ರತಿ ಆಯುಧಪೂಜೆಗೂ ಸ್ನಾನ ಮಾಡಿ ಬಂದು ಮೊದಲು ಆ ಕೆಲಸ ಮಾಡುತ್ತಿದ್ದ. ಚಿತ್ರವನ್ನು ಎಳೆದು ಡಿಸ್ಕಿಗೆ ಹಾಕುವುದು, ಪಕ್ಕದಲ್ಲಿ ಇಸವಿ ಬರೆಯುವುದು, ಒಮ್ಮೆ ತೆರೆದು ನೋಡುವುದು. ತೆರೆಯುತ್ತಿತ್ತು. ಆಮೇಲೆ ಡಿಸ್ಕಿಗೆ ಕುಂಕುಮವಿಟ್ಟು, ಕೆಂಪು ವಸ್ತ್ರದಲ್ಲಿ ಸುತ್ತಿ, ಆಸ್ಪತ್ರೆಯ ದೇವರ ಗೂಡಿನಲ್ಲಿ ಇಡುತ್ತಿದ್ದ. ಹನ್ನೆರಡು ವರ್ಷ ತಪ್ಪಿಸಲಿಲ್ಲ. ಅಷ್ಟು ಶ್ರದ್ಧೆ ನನ್ನಲ್ಲೂ ಇಲ್ಲ, ನಿನ್ನಲ್ಲಂತೂ ಇಲ್ಲವೇ ಇಲ್ಲ.

ಇತ್ತ ವೈದ್ಯ ಮುಖಗಳನ್ನು ನೆನಪಿಡುವುದನ್ನು ಬಿಟ್ಟ. ಯಂತ್ರ ಬಂತೆಂದರೆ ತಲೆಗೆ ರಜೆ. ಆ ಹುಡುಗಿಯ ತಾಯಿ ಯಾವುದೋ ಕಾಯಿಲೆಯಲ್ಲಿ ತೀರಿಹೋದಳು. ಇಂಜೆಕ್ಷನ್ನಿನ ಹೆಸರು ಈಗ ಭೂಮಿಯ ಮೇಲೆ ಒಂದೇ ಕಡೆ ಇತ್ತು.

ಹದಿಮೂರನೆಯ ವರ್ಷದ ಬೇಸಿಗೆಯಲ್ಲಿ ಕಂಪ್ಯೂಟರ್ ಒಳಗಿನಿಂದ ಟಕಟಕ ಸದ್ದು ಮಾಡತೊಡಗಿತು. ಫ್ಯಾನಿಗೆ ಧೂಳು ಹಿಡಿದಿರಬೇಕೆಂದು ಬಿಟ್ಟರು. ನಾಲ್ಕನೆಯ ದಿನ ಸದ್ದು ನಿಂತಿತು. ಯಂತ್ರವೂ ನಿಂತಿತು. ಅದರ ಹಾರ್ಡ್ ಡಿಸ್ಕ್ ಸತ್ತಿತ್ತು. ವೈದ್ಯನ ಮುಖ ಬಿಳುಚಿತು. ಕಾಂಪೌಂಡರ್ ಮಾತ್ರ, “ಗಾಬರಿ ಆಗ್ಬೇಡಿ ಸಾರ್, ಹನ್ನೆರಡು ವರ್ಷದ್ದೂ ಇಟ್ಟಿದೀನಿ” ಎಂದ.

ಹೊಸ ಕಂಪ್ಯೂಟರ್ ಬಂತು. ಗೂಡಿನಿಂದ ಡಿಸ್ಕ್ ಇಳಿಯಿತು. ಅದರಲ್ಲಿ ಹನ್ನೆರಡು ಚಿತ್ರಗಳು ಸಾಲಾಗಿದ್ದವು. ಮೊದಲನೆಯದನ್ನು ಒತ್ತಿದರೆ ಫೈಲ್ ಸಿಗುತ್ತಿಲ್ಲ ಎಂದಿತು ಯಂತ್ರ. ಎರಡನೆಯದೂ ಅಷ್ಟೇ. ಹನ್ನೆರಡನೆಯದೂ ಅಷ್ಟೇ.

ಆ ಚಿತ್ರದ ಮೂಲೆಯಲ್ಲಿ ಎಳ್ಳುಕಾಳಿನಷ್ಟು ಒಂದು ಬಾಣದ ಗುರುತಿತ್ತು. ಅದು ಫೈಲ್ ಅಲ್ಲ, ಫೈಲ್ ಎಲ್ಲಿದೆಯೆಂದು ತೋರಿಸುವ ಶಾರ್ಟ್‌ಕಟ್. ಮನೆಯ ವಿಳಾಸ ಬರೆದ ಚೀಟಿ ಇದ್ದ ಹಾಗೆ. ಹಳೆಯ ಕಂಪ್ಯೂಟರಿನಲ್ಲಿ ಕೂತು ಅದನ್ನು ಒತ್ತಿದಾಗಲೆಲ್ಲ ಅದು ಡಿಸ್ಕನ್ನು ಬಿಟ್ಟು ಆ ಕಂಪ್ಯೂಟರಿನೊಳಗಿನ ಮೂಲ ಫೈಲನ್ನೇ ತೆರೆದು ತೋರಿಸುತ್ತಿತ್ತು. ಕಾಂಪೌಂಡರ್ ಕಾಪಿ ನೋಡಿದೆನೆಂದುಕೊಂಡು ಪ್ರತಿ ವರ್ಷವೂ ಮೂಲವನ್ನೇ ನೋಡಿ ತೃಪ್ತಿಪಟ್ಟಿದ್ದ. ಮನೆ ಸುಟ್ಟುಹೋಗಿತ್ತು. ಅವನ ಕೈಯಲ್ಲಿ ಹನ್ನೆರಡು ವಿಳಾಸಗಳಿದ್ದವು.

ಅದಾಗಿ ಐದನೆಯ ದಿನ ಆ ಹುಡುಗಿ ಜ್ವರದಲ್ಲಿ ಬಂದಳು. ಈಗ ಅವಳಿಗೆ ಹತ್ತೊಂಬತ್ತು. ಮೈ ಕೈ ನೋವಿನಿಂದ ನಿಲ್ಲಲಾರದೆ ತಂದೆಯ ಹೆಗಲು ಹಿಡಿದಿದ್ದಳು. ವೈದ್ಯ ಎಲ್ಲರನ್ನೂ ಕೇಳುವಂತೆ ಅವಳನ್ನೂ ಕೇಳಿದ.

“ಯಾವುದಾದ್ರೂ ಔಷಧ ನಿನಗೆ ಆಗಲ್ಲ ಅಂತ ಇದೆಯೇನಮ್ಮ?”

“ಹಂಗೇನಿಲ್ಲ ಸಾರ್. ಎಲ್ಲಾ ಆಗುತ್ತೆ.”

ಅವಳು ಸುಳ್ಳು ಹೇಳಲಿಲ್ಲ. ಆರು ವರ್ಷದ ಮಗುವಿಗೆ ಏನು ನೆನಪಿರುತ್ತದೆ? ತಂದೆ ಆಗ ಲಾರಿ ಓಡಿಸಿಕೊಂಡು ಊರೂರು ತಿರುಗುತ್ತಿದ್ದವನು, ಅವನಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳಿಗೆ ನೆನಪಿಡಬೇಡ ಎಂದು ಹೇಳಿಯಾಗಿತ್ತು.

ವೈದ್ಯ ನೋವಿಗೆ ಇಂಜೆಕ್ಷನ್ ಕೊಟ್ಟ. ಅದೇ ಇಂಜೆಕ್ಷನ್. ಹುಡುಗಿಯ ಮುಖ ಊದತೊಡಗಿತು. ಆ ಊದಿದ ಮುಖ ಕಂಡ ಕೂಡಲೇ ವೈದ್ಯನಿಗೆ ಎಲ್ಲ ನೆನಪಾಯಿತು. ಕುಂಕುಮದ ಭರಣಿ, ಮಡಚಿದ ಚೀಟಿ, ಕಸದ ಬುಟ್ಟಿ, ಎಲ್ಲ. ಗೊತ್ತಿದ್ದ ಮದ್ದನ್ನೆಲ್ಲ ಕೊಟ್ಟ. ಎದೆ ಒತ್ತಿದ. ಕೈಲಾದದ್ದೆಲ್ಲ ಮಾಡಿದ. ಜಿಲ್ಲಾಸ್ಪತ್ರೆಗೆ ಅರ್ಧ ದಾರಿಯಲ್ಲಿ ಅವಳು ತಂದೆಯ ತೊಡೆಯ ಮೇಲೆ ಸತ್ತಳು.

ತಂದೆ ಜ್ವರ ಜೋರಾಗಿ ಹೋದಳೆಂದೇ ತಿಳಿದಿದ್ದ. ವೈದ್ಯ ಅವನ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅದೊಂದು ದೊಡ್ಡತನ ಅವನಲ್ಲಿತ್ತು. ಆಮೇಲೆ ಅವನು ಯಾರ ನಾಡಿಯನ್ನೂ ಹಿಡಿಯಲಿಲ್ಲ. ಕಾಂಪೌಂಡರ್ ಮಾತ್ರ ಎಷ್ಟೋ ದಿನ ಮುಚ್ಚಿದ ಆಸ್ಪತ್ರೆಯ ಬೀಗ ತೆಗೆದು ಒಳಗೆ ಕೂತು, ಆ ಡಿಸ್ಕನ್ನು ಸಿಕ್ಕಿಸಿ ಹನ್ನೆರಡು ಚಿತ್ರಗಳನ್ನೂ ಒಂದೊಂದಾಗಿ ಒತ್ತುತ್ತಿದ್ದನಂತೆ. ಯಾರು ಹೋಗಿ ಮಾತಾಡಿಸಿದರೂ, “ತೆರೀತಿತ್ತು, ನಾನೇ ನೋಡಿದೀನಿ” ಎನ್ನುತ್ತಿದ್ದ. ಅವನ ಹೆಂಡತಿ ಬಂದು ಕೈ ಹಿಡಿದು ಕರೆದುಕೊಂಡು ಹೋಗಬೇಕಾಗುತ್ತಿತ್ತು.

ಮೇಷ್ಟ್ರು ಕತೆ ನಿಲ್ಲಿಸಿದರು. ಬಾಗಿಲಲ್ಲಿ ಕಾಯುತ್ತಿದ್ದವರೂ ಕೇಳಿಸಿಕೊಂಡಿದ್ದರು. ಯಾರೂ ಗಡಿಯಾರ ನೋಡಲಿಲ್ಲ. ಪಕ್ಕದ ಗ್ಯಾರೇಜಿನಲ್ಲಿ ಕುಂಬಳಕಾಯಿ ಒಡೆದ ಸದ್ದು ಬಂತು.

ಇಂದುಮತಿಗೆ ಸಿಟ್ಟು ಬಂದಿತ್ತು. ಕಣ್ಣಲ್ಲಿ ನೀರೂ ಇತ್ತು. “ಆ ಮೆಕ್ಯಾನಿಕ್‌ಗೆ ಬುದ್ಧಿ ಬೇಡ್ವಾ ಮೇಷ್ಟ್ರೇ? ಬೇರೆ ಕಂಪ್ಯೂಟರಲ್ಲಿ ಒಂದ್ಸಲ ತೆರೆದು ನೋಡು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ವಾ?”

ಮೇಷ್ಟ್ರು ಬೆಂಚಿನ ಮೇಲಿದ್ದ ಗಿರಾಕಿಯ ಡಿಸ್ಕನ್ನು ಎತ್ತಿ ಅವಳ ಕೈಯಲ್ಲಿಟ್ಟರು.

“ಹೇಳಿದ್ದೆ; ಅವನೂ ನಿನ್ನ ಹಾಗೇ ಯಾಕೆ ಅಂತ ಕೇಳಿದ, ಪೂಜೆಗೆ ಹೊತ್ತಾಯ್ತು, ಹೇಳಿದಷ್ಟು ಮಾಡು ಹೋಗು ಅಂದುಬಿಟ್ಟೆ.”