ಐದಾಳು ಯಂತ್ರವೂ ದೂಮಣ್ಣಾಚಾರಿಯೂ

ಮೊದಲು ನಮ್ಮ ಮನೆತನದ ವಿಷಯ ಹೇಳುತ್ತೇನೆ. ಜಂಬಕ್ಕಲ್ಲ, ಕಥೆಯ ಕೊನೆಗೆ ಅದು ಬೇಕಾಗುತ್ತದೆ. ಬೈಲುಕುದ್ರುವಿನ ಕುಟಿನ್ಹಾಗಳು ಎಂದರೆ ಹೊಳೆಯ ಎರಡೂ ದಡದಲ್ಲಿ ಜನ ಎದ್ದು ನಿಲ್ಲುತ್ತಿದ್ದರು. ಇಗರ್ಜಿಯ ದೊಡ್ಡ ಗಂಟೆ ನಮ್ಮವರು ಕೊಟ್ಟದ್ದು. ಈ ಊರಿನಿಂದ ಹೆಣ್ಣುಮಕ್ಕಳನ್ನು ಕಾನ್ವೆಂಟಿಗೆ ಕಳಿಸಿದ ಮೊದಲ ಮನೆ ನಮ್ಮದು. ನಮ್ಮ ಮನೆಯಲ್ಲಿ ಊಟದ ಮೇಜಿನ ಮುಂದೆ ಯಾರೂ ದನಿ ಏರಿಸಿದ್ದಿಲ್ಲ. ಸಂಜೆಯ ಪ್ರಾರ್ಥನೆ ಒಂದು ದಿನವೂ ತಪ್ಪಿದ್ದಿಲ್ಲ. ದೇವರ ಪೀಠದ ಮುಂದೆ ಕಪ್ಪು ಕಬ್ಬಿಣದ ದುಂಡನೆಯ ಮೇಣದಬತ್ತಿ ಸ್ಟ್ಯಾಂಡು ಇದೆಯಲ್ಲ, ನಾಲ್ಕು ತಲೆಮಾರು ಅದರ ಬೆಳಕಿನಲ್ಲೇ ಮೊಣಕಾಲೂರಿದೆ. ಅದನ್ನು ನೆನಪಿಡಿ.

ಇವತ್ತು ಹೊಸ ಅಕ್ಕಿಯ ಊಟಕ್ಕೆ ಎಲ್ಲರೂ ಸೇರಿದ್ದೀರಿ. ಪ್ರತಿ ವರ್ಷ ಈ ದಿನ ಯಾರಾದರೂ ಒಬ್ಬರು ಆಚಾರಿಯ ಕಥೆ ಹೇಳುತ್ತಾರೆ, ಎಲ್ಲರೂ ನಗುತ್ತಾರೆ. ಈ ವರ್ಷ ನಾನು ಹೇಳುತ್ತೇನೆ. ನೆಟ್ಟಗೆ ಕೂತುಕೊಳ್ಳಿ. ಮಧ್ಯದಿಂದ ಶುರುಮಾಡುವ ಅಭ್ಯಾಸ ನನಗಿಲ್ಲ. ಕಾನ್ವೆಂಟಿನ ಸಿಸ್ಟರುಗಳು ಹಾಗೆ ಕಲಿಸಿಲ್ಲ.

ಬಹಳ ಹಿಂದೆ, ಹೊಳೆ ಸಮುದ್ರವನ್ನು ಸೇರುವ ಕಡೆ ಒಂದು ಊರು. ಆ ಊರಿನಲ್ಲಿ ಒಬ್ಬ ಬಡಗಿ. ಹೆಸರು ದೂಮಣ್ಣಾಚಾರಿ. ಕಂಡವರು ಈಗ ಯಾರೂ ಇಲ್ಲ, ಕೇಳಿದವರು ಎಲ್ಲರೂ ಇದ್ದಾರೆ.

ಅವನ ಕಣ್ಣಿಗಿಂತ ಕಿವಿ ದೊಡ್ಡದು ಅನ್ನುತ್ತಾರೆ. ಇಗರ್ಜಿಯ ಅಂಗಳದಲ್ಲಿ ನಿಂತು ಮಾಡಿನ ಯಾವ ಜಂತಿಯಲ್ಲಿ ಹುಳ ಕೊರೆಯುತ್ತಿದೆ ಎಂದು ಹೇಳುತ್ತಿದ್ದನಂತೆ. ನಿಂತ ಹಲಸಿನ ಮರಕ್ಕೆ ಕಿವಿಯಿಟ್ಟು, ಇದರ ಹೊಟ್ಟೆ ಟೊಳ್ಳು, ಕೊಡಲಿ ಹಾಕಬೇಡಿ, ಹಕ್ಕಿಗಳಿಗೆ ಬಿಡಿ ಅನ್ನುತ್ತಿದ್ದನಂತೆ. ಒಮ್ಮೆ ಹೊಳೆಯ ನಡುವೆ ಹೋಗುತ್ತಿದ್ದ ದೋಣಿಯ ಹುಟ್ಟಿನ ಸದ್ದು ಕೇಳಿ, ದಡದಿಂದಲೇ, ಹಿಂದಿನ ಹಲಗೆಯ ಮೊಳೆ ಸಡಿಲಾಗಿದೆ ಎಂದು ಕೂಗಿದನಂತೆ. ದೋಣಿಯವನು ನಕ್ಕನಂತೆ. ಆಮೇಲೆ ಈಜಿದನಂತೆ.

ಆ ಕಾಲದಲ್ಲಿ ನಮ್ಮ ಮುತ್ತಜ್ಜ ಮಿಂಗೆಲ್ ಕುಟಿನ್ಹಾ ಹೊಳೆ ಬದಿಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದರು. ಊರಿನವರು ಅವರನ್ನು ಪೊರ್ಬುಗಳು ಎಂದು ಕರೆಯುತ್ತಿದ್ದರು. ದೊಡ್ಡ ಕ್ರಿಸ್ತುವರ ಮನೆಯ ಯಜಮಾನರಿಗೆ ಈ ಕಡೆ ಹಾಗೆಯೇ ಹೇಳುವುದು. ಪರದೇಶದ ತೋಟದ ದೊರೆಯೊಬ್ಬ ಊರು ಬಿಟ್ಟು ಹೋಗುವಾಗ ತನ್ನ ಸಾಮಾನನ್ನೆಲ್ಲ ಹರಾಜು ಹಾಕಿದ. ಅದರಲ್ಲಿ ಒಂದು ಯಂತ್ರ ಇತ್ತು. ಆಗಲೇ ಅದು ಹಳೆಯದು. ದೊರೆಯ ಅಪ್ಪನ ಕಾಲದ್ದು, ತುಕ್ಕು ಹಿಡಿದದ್ದು. ಉದ್ದಕ್ಕೆ ಎರಡು ಕಬ್ಬಿಣದ ಕೊಳವೆ, ಅದರ ಮೇಲೆ ಅತ್ತಿತ್ತ ಜಾರುವ ಒಂದು ತಲೆ. ಆ ತಲೆಗೆ ಒಂದು ಸಲ ಗರಗಸ ಸಿಕ್ಕಿಸಬಹುದು, ಒಂದು ಸಲ ಬೈರಿಗೆ, ಒಂದು ಸಲ ಕೀಸುಳಿ, ಒಂದು ಸಲ ಉಜ್ಜುವ ಚಕ್ರ. ಇಲ್ಲವೇ ಮರದ ತುಂಡನ್ನೇ ತಿರುಗಿಸಿ, ಉಳಿ ಹಿಡಿದು ದುಂಡಗೆ ಕಡೆಯುವ ಕಡಚಲು ಕೆಲಸ ಮಾಡಬಹುದು. ಐದು ಆಳಿನ ಕೆಲಸ ಒಂದೇ ಮಾಡುತ್ತದೆ ಎಂದು ಊರು ಅದಕ್ಕೆ ಐದಾಳು ಎಂದು ಹೆಸರಿಟ್ಟಿತು.

ಮುತ್ತಜ್ಜ ಅದನ್ನು ಕೊಂಡರು. ಪೆಟ್ಟಿಗೆಗಳು ದೋಣಿಯಲ್ಲಿ ಬಂದವು. ಜೊತೆಗೆ ಕೂತು ಬಂದವನು ದೂಮಣ್ಣಾಚಾರಿ. ಪೆಟ್ಟಿಗೆಗಳನ್ನು ಒಂದು ರಾತ್ರಿ ನಮ್ಮ ಮನೆಯ ಚಾವಡಿಯಲ್ಲಿಟ್ಟು, ಮರುದಿನ ಗಿರಣಿಗೆ ಒಯ್ದರು.

ಇನ್ನು ನಮ್ಮವರ ತಪ್ಪು ಕೇಳಿ. ಐದು ಕೆಲಸ ಮಾಡುವ ಯಂತ್ರ ಐದನ್ನೂ ಒಟ್ಟಿಗೆ ಮಾಡುತ್ತದೆ ಎಂದು ಮುತ್ತಜ್ಜ ತಿಳಿದರು. ಸಿಕ್ಕಿಸಬಹುದಾದದ್ದನ್ನೆಲ್ಲ ಸಿಕ್ಕಿಸಿ ಎಂದರು. ಆಚಾರಿ ಬೇಡ ಎಂದನಂತೆ. ಮೊದಲು ಇದರ ಗುರುತು ಆಗಲಿ ಪೊರ್ಬುಗಳೇ, ಇವತ್ತೇ ಯಾಕೆ ಎಂದನಂತೆ. ಪಾದ್ರಿಗಳು ತೀರ್ಥ ಹಾಕಲು ಬಂದಿದ್ದರು, ಊರೆಲ್ಲ ಸೇರಿತ್ತು. ಮುತ್ತಜ್ಜ ಕೇಳಲಿಲ್ಲ. ಅಕ್ಕಿ ಗಿರಣಿಯ ಎಂಜಿನಿನ ಬೆಲ್ಟನ್ನು ಐದಾಳಿಗೆ ಹಾಕಿಸಿದರು. ಅದನ್ನೂ ಅತಿ ವೇಗದ ಗಾಲಿಗೆ. ಮರದ ತುಂಡನ್ನು ಹಿಡಿಯಬೇಕಾದ ಕಬ್ಬಿಣದ ಬಿಲ್ಲೆ ಎಲ್ಲೂ ಕಾಣಲಿಲ್ಲ. ಹಗ್ಗ ಸುತ್ತಿ ಬಿಗಿಯಿರಿ ಎಂದರು.

ಎಂಜಿನು ಶುರುವಾಯಿತು. ಐದಾಳು ಒಂದು ಸಲ ಕಿರುಚಿತು. ಮರದ ತುಂಡು ಹಗ್ಗ ಹರಿದುಕೊಂಡು, ಮಾಡಿನ ಹೆಂಚು ಒಡೆದುಕೊಂಡು ಆಕಾಶಕ್ಕೆ ಹೋಯಿತು. ಹೊರಗೆ ಹೆಂಗಸರು ಕುಚ್ಚಲಕ್ಕಿಯ ಭತ್ತ ಬೇಯಿಸುತ್ತಿದ್ದರು. ಆ ತುಂಡು ಬಂದು ಕುದಿಯುವ ಹಂಡೆಯಲ್ಲಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಅಲ್ಲಿದ್ದ ಒಬ್ಬಳು ಹೆಂಗಸು ಸೊಂಟಕ್ಕೆ ಕೈಯಿಟ್ಟು, “ಅಯ್ಯೋ ಪೊರ್ಬುಗಳೇ, ಸೌದೆ ಹಂಡೆಯ ಕೆಳಗೆ ಹಾಕುವುದು, ಒಳಗಲ್ಲ!” ಎಂದಳು. ಊರೆಲ್ಲ ನಕ್ಕಿತು. ಪಾದ್ರಿಗಳೂ ನಕ್ಕರು ಅನ್ನುತ್ತಾರೆ.

ಕುಟಿನ್ಹಾ ಮನೆಯನ್ನು ನೋಡಿ ಊರು ನಕ್ಕದ್ದು ಅದೇ ಮೊದಲು.

ಮುತ್ತಜ್ಜ ಯಂತ್ರದ ಜೊತೆ ಬಂದ ಪುಸ್ತಕ ತರಿಸಿದರು. ಅದರಲ್ಲಿ ಚಿತ್ರ ಇತ್ತು. ಚಿತ್ರದಲ್ಲಿ ದುಂಡನೆಯ ಬಿಲ್ಲೆ ಇತ್ತು. ಪೆಟ್ಟಿಗೆಯಲ್ಲಿ ಇರಲಿಲ್ಲ. ದೋಣಿಯಲ್ಲಿ ಪೆಟ್ಟಿಗೆಯ ಜೊತೆ ಬಂದವನು ಯಾರು ಎಂದು ಕೇಳಿದರು. ಎಲ್ಲರಿಗೂ ಗೊತ್ತಿತ್ತು. ಅಷ್ಟು ಜನರ ಮುಂದೆ ಆಚಾರಿಯತ್ತ ಬೆರಳು ತೋರಿಸಿ, ಕಳ್ಳ ಎಂದರು.

ಆಚಾರಿ ಕೂಗಾಡಲಿಲ್ಲ. ಅತ್ತದ್ದೂ ಇಲ್ಲ. ಹೊಸ ಅಕ್ಕಿ ಹಬ್ಬದವರೆಗೆ ಐದಾಳನ್ನು ತನಗೆ ಬಿಡಿ ಎಂದು ಕೇಳಿದನಂತೆ. ಹಬ್ಬದ ದಿನ ಇದು ಸರಿಯಾಗಿ ತಿರುಗಿದರೆ ಪೊರ್ಬುಗಳು ಆಡಿದ ಮಾತನ್ನು ಇದೇ ಜನರ ಮುಂದೆ ಹಿಂದಕ್ಕೆ ತೆಗೆದುಕೊಳ್ಳಬೇಕು. ತಿರುಗದಿದ್ದರೆ ಇದನ್ನು ಹೊಳೆಗೆ ನೂಕಿ, ನಾನೂ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಡುತ್ತೇನೆ ಎಂದನಂತೆ. ಮುತ್ತಜ್ಜ ಆಗಲಿ ಎಂದರು. ಅದು ನಮ್ಮ ಮನೆಯವರು ಕೊಟ್ಟ ಮಾತು. ಇದನ್ನೂ ನೆನಪಿಡಿ.

ಆಚಾರಿ ಮೊದಲ ವಾರ ಏನು ಮಾಡಿದ? ಏನೂ ಮಾಡಲಿಲ್ಲ. ಬೆಲ್ಟು ಕಳಚಿ ಮೂಲೆಗಿಟ್ಟ. ಬಿಳಿ ಬಟ್ಟೆ ಹಾಸಿ, ಯಂತ್ರವನ್ನು ಒಂದೊಂದೇ ತುಂಡಾಗಿ ಬಿಚ್ಚಿ, ಬಿಚ್ಚಿದ ಸಾಲಿನಲ್ಲೇ ಬಟ್ಟೆಯ ಮೇಲೆ ಇಟ್ಟ. ಸೀಮೆಎಣ್ಣೆಯಲ್ಲಿ ನೆನೆಸಿದ, ತೆಂಗಿನ ನಾರಿನ ಚೊಪ್ಪಿನಿಂದ ತಿಕ್ಕಿದ. ತೆಂಗಿನೆಣ್ಣೆ ಅಂಟುತ್ತದೆ ಎಂದು ಹೊನ್ನೆಣ್ಣೆ ಹಚ್ಚಿದ. ಅವನ ಹೆಂಡತಿ ಭಾಗಿ ಗಂಜಿ ತಂದವಳು ನೋಡಿ, “ಹೆತ್ತ ಮಗುವಿಗೂ ನೀವು ಇಷ್ಟು ಎಣ್ಣೆ ತಿಕ್ಕಿದ್ದಿಲ್ಲ” ಎಂದಳಂತೆ. ಮಗು ಕೂಗಿ ಹೇಳುತ್ತದೆ, ಇದು ಹೇಳುವುದಿಲ್ಲವಲ್ಲ ಎಂದನಂತೆ ಅವನು.

ಎರಡನೆಯ ವಾರ ಎಲ್ಲವನ್ನೂ ಮತ್ತೆ ಜೋಡಿಸಿದ. ಗರಗಸ, ಬೈರಿಗೆ, ಕೀಸುಳಿ ಎಲ್ಲ ಪೆಟ್ಟಿಗೆಯೊಳಗೆ. ಕಡಚಲಿಗೆ ಬೇಕಾದದ್ದು ಮಾತ್ರ ಹೊರಗೆ. ಒಂದರ ಗುರುತಾಗದೆ ಇನ್ನೊಂದನ್ನು ಮುಟ್ಟುವುದಿಲ್ಲ ಎಂದ. ಆಮೇಲೆ ಕೈಯಲ್ಲೇ ತಿರುಗಿಸಿದ. ಸಾಗುವಾನಿಯ ಒಂದು ಕೋಲಿನ ತುದಿಯನ್ನು ಯಂತ್ರಕ್ಕೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಎಲ್ಲಿ ಕರಕರ ಎಂದಿತೋ ಅಲ್ಲಿ ಬಿಚ್ಚಿದ, ತೊಳೆದ, ಮತ್ತೆ ಕೇಳಿದ. ಮಲಗಿದ ಮಗುವಿನ ಉಸಿರಿನಷ್ಟು ಮೆತ್ತಗೆ ಕೇಳುವವರೆಗೆ ಬಿಡಲಿಲ್ಲ ಅನ್ನುತ್ತಾರೆ. ಮರದ ತುಂಡನ್ನು ಎರಡು ಕಡೆಯಿಂದ ಒತ್ತಿ ಹಿಡಿಯುವ ಮೊನೆಗಳು ಒಂದಕ್ಕೊಂದು ಎದುರಾಗಿವೆಯೇ ಎಂದು ನೂಲು ಹಿಡಿದು ನೋಡಿದ. ಕೂದಲಿನಷ್ಟು ವಾರೆ ಇತ್ತು. ಆ ಕೂದಲನ್ನು ಸರಿಮಾಡಲು ಅವನಿಗೆ ಐದು ದಿನ ಬೇಕಾಯಿತಂತೆ.

ಉಳಿದದ್ದು ಬಿಲ್ಲೆ. ಮರ ಹಿಡಿಯುವ ಬಿಲ್ಲೆಯಿಲ್ಲದೆ ಕಡಚಲು ಇಲ್ಲ. ಕಬ್ಬಿಣ ಎರಕ ಹೊಯ್ಯುವವರು ಆ ಊರಿನಲ್ಲಿರಲಿಲ್ಲ. ಆಚಾರಿ ಕಿರಾಲುಬೋಗಿಯ ಬೇರು ತಂದ. ಕಲ್ಲಿನಂಥ ಮರ, ಉಳಿಯ ಬಾಯಿಯನ್ನೇ ಮುರಿಯುತ್ತದೆ. ಅದನ್ನು ಕೈಯಲ್ಲೇ ದುಂಡು ಮಾಡಿ, ನಡುವೆ ತೂತು ಕೊರೆದು, ತೂತಿನ ಒಳಗೆ ತಿರುಪಿನ ಹಲ್ಲುಗಳನ್ನು ಸಣ್ಣ ಉಳಿಯ ತುದಿಯಿಂದ ಕೆತ್ತಿದ. ಏಳು ಬಿಲ್ಲೆ ಒಡೆದವು ಅನ್ನುತ್ತಾರೆ. ಎಪ್ಪತ್ತು ಎನ್ನುವವರೂ ಇದ್ದಾರೆ. ಒಡೆದ ಬಿಲ್ಲೆಗಳಿಂದ ಭಾಗಿ ಇಡೀ ಮಳೆಗಾಲ ಒಲೆ ಉರಿಸಿದಳು ಅನ್ನುತ್ತಾರೆ. ಕೊನೆಯ ಬಿಲ್ಲೆ ಯಂತ್ರದ ತಲೆಗೆ ಮೂರು ಸುತ್ತಿನಲ್ಲಿ ಹೋಗಿ ಕೂತಿತು.

ಹಬ್ಬದ ದಿನ ಬಂತು. ಇಗರ್ಜಿಯಿಂದ ಹೊಸ ತೆನೆ ಹಿಡಿದುಕೊಂಡು ಜನ ಸೀದಾ ಗಿರಣಿಗೆ ಬಂದರು. ಆಚಾರಿ ಬೆಲ್ಟನ್ನು ನಿಧಾನದ ಗಾಲಿಗೆ ಹಾಕಿದ. ಕೈಯಲ್ಲಿ ಮೂರು ಸುತ್ತು ತಿರುಗಿಸಿದ. ಕೋಲು ಕಿವಿಗಿಟ್ಟು ಕೇಳಿದ. ಆಮೇಲೆ ಎಂಜಿನು ಬಿಡಿ ಎಂದ. ಹೆಂಗಸರು ಹಂಡೆಗೆ ಮುಚ್ಚಳ ಹಾಕಿ ದೂರ ನಿಂತರು.

ಐದಾಳು ತಿರುಗಿತು. ಕಿರುಚಲಿಲ್ಲ. ಹಲಸಿನ ತುಂಡಿನಿಂದ ಹಳದಿ ಸಿಪ್ಪೆ ಸುರುಳಿಸುರುಳಿಯಾಗಿ ಎದ್ದು ಅವನ ತಲೆಯ ಮೇಲೆಲ್ಲ ಬಿತ್ತು. ಒಂದು ಲಟ್ಟಣಿಗೆ ಆಯಿತು. ಅಷ್ಟು ದೊಡ್ಡ ಯಂತ್ರದಲ್ಲಿ ಲಟ್ಟಣಿಗೆಯೇ ಎಂದು ಯಾರೋ ಕೇಳಿದರು. ಆಚಾರಿ ಅದನ್ನು ಗಿರಣಿಯ ಕಲ್ಲಿನ ಜಗಲಿಯ ಮೇಲಿಟ್ಟು ಬೆರಳಿನಿಂದ ತಳ್ಳಿದ. ಅದು ಎಡಕ್ಕೂ ಹೊರಳದೆ ಬಲಕ್ಕೂ ಹೊರಳದೆ ಸೀದಾ ಜಗಲಿಯ ಕೊನೆಯವರೆಗೆ ಉರುಳಿತು. ಯಂತ್ರ ಕೂದಲಿನಷ್ಟು ವಾರೆ ಇದ್ದರೂ ಲಟ್ಟಣಿಗೆ ಹಾಗೆ ಉರುಳುವುದಿಲ್ಲ. ಅದು ಎಲ್ಲರಿಗೂ ಅರ್ಥವಾಯಿತು.

ಲಟ್ಟಣಿಗೆಯನ್ನು ಅವನು ನಮ್ಮ ಮುತ್ತಜ್ಜಿ ಸೆರಾಫಿನ್ ಬಾಯಿಯ ಕೈಗೆ ಕೊಟ್ಟ. ಮುತ್ತಜ್ಜನತ್ತ ತಿರುಗಿ, “ಪೊರ್ಬುಗಳೇ, ನನ್ನದು ಆಯಿತು. ಇನ್ನು ನಿಮ್ಮದು” ಎಂದ.

ಮುತ್ತಜ್ಜ ಯಂತ್ರವನ್ನು ಹೊಗಳಿದರು. ದೊರೆಯ ದೇಶದವರನ್ನು ಹೊಗಳಿದರು. ಊಟಕ್ಕೆ ತಡವಾಯಿತು ಎಂದು ಮನೆಗೆ ನಡೆದರು. ಆಚಾರಿ ಗಿರಣಿಯ ಬಾಗಿಲಲ್ಲಿ ಎಂಜಿನು ತಣ್ಣಗಾಗುವವರೆಗೆ ನಿಂತಿದ್ದನಂತೆ.

ಅವನು ಊರು ಬಿಡಲಿಲ್ಲ. ಗಿರಣಿ ಮುಚ್ಚಿದ ಮೇಲೆ ಐದಾಳು ಅವನ ಕೊಟ್ಟಿಗೆ ಸೇರಿತು. ಇಗರ್ಜಿಯ ಬೆಂಚು, ಶಾಲೆಯ ಮೇಜು, ಊರಿನ ತೊಟ್ಟಿಲುಗಳು, ಎಲ್ಲ ಅದರಿಂದಲೇ ಆದವು. ಕಲಿಯಲು ಬಂದ ಯಾರನ್ನೂ ಅವನು ವಾಪಸು ಕಳಿಸಲಿಲ್ಲ. ಆದರೆ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ನಮ್ಮ ಹೊಸ ಅಕ್ಕಿ ಮುಟ್ಟಲಿಲ್ಲ. ಮತ್ತು ಕಥೆ ಬೆಳೆಯಿತು. ಆಚಾರಿ ಬಿಲ್ಲೆಯನ್ನು ಬೇಕೆಂದೇ ಕದ್ದು ಹೊಳೆಗೆ ಹಾಕಿದ, ತನ್ನ ಕೈಚಳಕ ತೋರಿಸಲು ಹಾಗೆ ಮಾಡಿದ ಎಂದು ನಮ್ಮವರು ಹೇಳಿದರು. ಜಾಣ ಕಳ್ಳ ಎಂದು ನಕ್ಕರು. ಈ ಮೇಜಿನ ಮುಂದೆಯೇ ನಕ್ಕರು. ನಾನೂ ನಕ್ಕಿದ್ದೇನೆ.

ಇವತ್ತಿಗೂ ಈ ಕರಾವಳಿಯಲ್ಲಿ ಯಾರಾದರೂ ಹಳೆಯ ಯಂತ್ರವೊಂದನ್ನು ಗುಜರಿಯಿಂದಲೋ ಹರಾಜಿನಿಂದಲೋ ಮನೆಗೆ ತಂದರೆ ಅದೇ ದಿನ ಶುರುಮಾಡುವುದಿಲ್ಲ. ಬಿಳಿ ಬಟ್ಟೆಯ ಮೇಲೆ ಬಿಚ್ಚಿಡುತ್ತಾರೆ. ಒಂದೇ ಕೆಲಸಕ್ಕೆ ಬೇಕಾದದ್ದನ್ನು ಮಾತ್ರ ಸಿಕ್ಕಿಸುತ್ತಾರೆ. ಕೈಯಲ್ಲಿ ಮೂರು ಸುತ್ತು ತಿರುಗಿಸಿ, ಕೋಲು ಕಿವಿಗಿಟ್ಟು, ದೂಮಣ್ಣನಿಗೆ ಕೇಳಿಸಿತೇ ಎನ್ನುತ್ತಾರೆ. ಮೊದಲು ಮಾಡುವುದು ಲಟ್ಟಣಿಗೆ. ಅದನ್ನು ತಮಗಿಟ್ಟುಕೊಳ್ಳದೆ ಇನ್ನೊಂದು ಮನೆಗೆ ಕೊಡುತ್ತಾರೆ. ಐದಾಳು ಈಗ ಅವನ ಮರಿಮಗಳು ವಾರಿಜಳ ಕೈಯಲ್ಲಿದೆ. ಬೆಲ್ಟಿನ ಬದಲು ಮೋಟಾರು ಬಂದಿದೆ, ಕಿರಾಲುಬೋಗಿಯ ಬಿಲ್ಲೆ ಅದೇ ಇದೆ. ನಾನು ಓದಿದ ಶಾಲೆಯ ಹುಡುಗಿಯರು ಶನಿವಾರ ಅವಳಲ್ಲಿಗೆ ಹೋಗಿ ಕಲಿಯುತ್ತಾರೆ. ಆರು ಮಂದಿ ಇದ್ದರು, ಈಗ ಹತ್ತೊಂಬತ್ತು. ಕಳೆದ ತಿಂಗಳು ಅವರಲ್ಲೊಬ್ಬಳು ಮಾಡಿದ ಲಟ್ಟಣಿಗೆ ನನ್ನ ಅಡುಗೆಮನೆಯಲ್ಲಿದೆ. ಸೀದಾ ಉರುಳುತ್ತದೆ.

ಇನ್ನು ನಿಮಗೆ ಗೊತ್ತಿಲ್ಲದ್ದು. ಹಬ್ಬಕ್ಕೆಂದು ಕಳೆದ ವಾರ ಆ ಮೇಣದಬತ್ತಿ ಸ್ಟ್ಯಾಂಡನ್ನು ಸೀಮೆಎಣ್ಣೆ ಹಾಕಿ ತಿಕ್ಕಿದೆ. ತಲೆಮಾರುಗಳ ಮೇಣ ಬಿಟ್ಟಿತು. ಅಡಿಯಲ್ಲಿ ಒಂದು ನಂಬರು ಕೆತ್ತಿತ್ತು. ಬತ್ತಿ ನಿಲ್ಲಿಸುವ ತೂತಿನ ಒಳಗೆ ತಿರುಪಿನ ಹಲ್ಲು. ನಾನು ಅದನ್ನು ಸೆರಗಿನಲ್ಲಿ ಸುತ್ತಿ ವಾರಿಜಳ ಕೊಟ್ಟಿಗೆಗೆ ಒಯ್ದೆ. ಐದಾಳಿನ ಪ್ರತಿಯೊಂದು ತುಂಡಿನ ಮೇಲೂ ಅದೇ ನಂಬರು ಇದೆ. ಅವಳು ಮರದ ಬಿಲ್ಲೆ ತೆಗೆದು ಇದನ್ನು ಹಚ್ಚಿದಳು. ಮೂರು ಸುತ್ತಿನಲ್ಲಿ ಹೋಗಿ ಕೂತಿತು.

ಯಾರೂ ಕದ್ದಿರಲಿಲ್ಲ. ಪೆಟ್ಟಿಗೆಗಳು ಚಾವಡಿಯಲ್ಲಿದ್ದ ಆ ರಾತ್ರಿ ಮುತ್ತಜ್ಜಿ ಅದನ್ನು ಕಂಡಿರಬೇಕು. ಪರದೇಶದಿಂದ ಬಂದ ದುಂಡನೆಯ ವಸ್ತು, ನಡುವೆ ತೂತು, ದೇವರ ಮುಂದೆ ಇಡಲು ಯಾರೋ ಕಳಿಸಿದ್ದು ಎಂದುಕೊಂಡಿರಬೇಕು. ಮರುದಿನದಿಂದ ಮುತ್ತಜ್ಜ ಅದರ ಬೆಳಕಿನಲ್ಲಿ ಕೂತು ಪ್ರಾರ್ಥಿಸಿದರು. ಆಚಾರಿ ಕಳ್ಳನಾಗಿಯೇ ಸತ್ತ.

ಅದನ್ನು ಅಲ್ಲೇ ಬಿಟ್ಟು ಬರಲು ಹೋದೆ. ವಾರಿಜ ಬಿಚ್ಚಿ ನನ್ನ ಕೈಗೆ ಕೊಟ್ಟಳು. “ನಮಗೆ ಮರದ್ದೇ ಸಾಕು ಬಾಯಮ್ಮಾ. ಇದನ್ನು ಮನೆಗೆ ಒಯ್ದು ಎಲ್ಲರಿಗೂ ತೋರಿಸಿ” ಎಂದಳು. ತೋರಿಸುತ್ತಿದ್ದೇನೆ. ಇಗೋ, ಪಾಯಸದ ಪಾತ್ರೆಯ ಪಕ್ಕದಲ್ಲಿದೆ.

ನನ್ನ ತಮ್ಮ ಆಲ್ವಿನ್ ನಿನ್ನೆ, ಸತ್ತವರ ಮರ್ಯಾದೆ ಈಗ ಯಾಕೆ ತೆಗೆಯುವುದು ಅಕ್ಕಾ ಎಂದು ಕೇಳಿದ. ಸತ್ತವರು ಇಬ್ಬರು. ಆಲ್ವಿನ್, ನೀನು ಒಬ್ಬರನ್ನೇ ಎಣಿಸುತ್ತಿದ್ದೀಯ. ಶಾಲೆಯಲ್ಲಿ ನಮ್ಮ ಪುಸ್ತಕದಲ್ಲಿ ತಪ್ಪು ಸಿಕ್ಕರೆ ಉಜ್ಜಿ ಅಳಿಸಲು ಬಿಡುತ್ತಿರಲಿಲ್ಲ. ಅದರ ಮೇಲೆ ಒಂದು ಗೆರೆ ಎಳೆದು, ಕೆಳಗೆ ನಮ್ಮ ಕೈಯಲ್ಲೇ ಸರಿಯಾದದ್ದನ್ನು ಬರೆಯಬೇಕಿತ್ತು. ಬರೆಯುವವರೆಗೆ ಊಟಕ್ಕೆ ಬಿಡುತ್ತಿರಲಿಲ್ಲ.

ವಾರಿಜಳಿಗೆ ಹೇಳಿ ಕಳಿಸಿದ್ದೇನೆ. ಅವಳು ಹಳೆಯ ಗಿರಣಿಯ ಕಲ್ಲಿನ ಜಗಲಿಯ ಹತ್ತಿರ ಕಾಯುತ್ತಿದ್ದಾಳೆ. ಊರಿನವರೂ ಬರುತ್ತಾರೆ. ಹೊಸ ಅಕ್ಕಿಯ ಅನ್ನಕ್ಕೆ ಮುಚ್ಚಳ ಹಾಕಿದ್ದೇನೆ. ತಿರುಗಿ ಬಂದ ಮೇಲೆ ಬಡಿಸುತ್ತೇನೆ, ಈ ವರ್ಷ ಅವಳಿಗೂ ಒಂದು ಎಲೆ ಇದೆ. ಏಳಿ. ನಾವು ಕುಟಿನ್ಹಾಗಳು ದೂಮಣ್ಣಾಚಾರಿಯನ್ನು ಕಳ್ಳ ಎಂದೆವು. ಅವನು ಕಳ್ಳನಲ್ಲ. ಕ್ಷಮೆ ಕೇಳಬೇಕು. ಒಬ್ಬೊಬ್ಬರಾಗಿ, ಗಟ್ಟಿಯಾಗಿ, ಇವತ್ತೇ.