ಹಲಗೆಯ ಮೈಮೇಲಿನ ಮುದ್ರೆ

ಇಳಕಲ್ಲಿನ ಕೆಂಪು ಗ್ರಾನೈಟ್ ಚಪ್ಪಡಿಯೊಂದು ಮರದ ಹಲಗೆಯ ಮೇಲೆ ಕೂತು ಹಡಗಿನಲ್ಲಿ ಬ್ರೆಜಿಲ್‌ಗೆ ಹೊರಟಿತ್ತು. "ಕನ್ನಡಿಯಂಥ ನನಗೆ ಈ ಸುಟ್ಟ ಕಲೆಯ ಹಲಗೆಯೇ ಗತಿಯಾಯಿತೇ?" ಎಂದು ದಾರಿಯುದ್ದಕ್ಕೂ ಗೊಣಗಿತು.

"ಅದು ಕಲೆಯಲ್ಲ ಅಣ್ಣ, ಮುದ್ರೆ. ಮರದಲ್ಲಿ ಹುಳ ಉಳಿಯದಂತೆ ನನ್ನನ್ನು ಕಾವಿನಲ್ಲಿ ಬೇಯಿಸಿ, ಅದರ ಗುರುತಾಗಿ ಒತ್ತಿದ್ದು," ಎಂದಿತು ಹಲಗೆ. ಚಪ್ಪಡಿ ಮುಖ ತಿರುಗಿಸಿತು.

ಬ್ರೆಜಿಲ್ ಬಂದರಿನ ಅಧಿಕಾರಿ ಚಪ್ಪಡಿಯ ಹೊಳಪನ್ನು ನೋಡಲೇ ಇಲ್ಲ. ಮಂಡಿಯೂರಿ ಹಲಗೆಯ ಮುದ್ರೆ ಹುಡುಕಿ, "ಇದು ಒಳಗೆ ಬರಲಿ," ಎಂದ. ಪಕ್ಕದಲ್ಲಿದ್ದ ಅಮೃತಶಿಲೆಯ ಅಡಿಯ ಹಲಗೆಗೆ ಮುದ್ರೆಯಿರಲಿಲ್ಲ. ಮರದ ಹುಳ ನಾಡಿನೊಳಗೆ ಬಂದೀತೆಂದು ಆ ಅಮೃತಶಿಲೆ, ಅದರ ಹಲಗೆ ಎರಡನ್ನೂ ಬಂದ ಹಡಗಿಗೇ ಮರಳಿ ಏರಿಸಿದರು.

ಚಪ್ಪಡಿ ಹಲಗೆಯತ್ತ ಮುಖ ತಿರುಗಿಸಿತು. "ಬೆಂದವನು ನೀನು ತಮ್ಮ, ಬಾಗಿಲು ತೆರೆದದ್ದು ನನಗೆ. ಇಷ್ಟು ದಿನ ನೀನು ನನ್ನನ್ನು ಹೊತ್ತೆ. ಇನ್ನು ನಿನ್ನ ಉಪಕಾರವನ್ನು ನಾನು ಹೊರುತ್ತೇನೆ."